ಅಣ್ಣನ ಗಾಡಿಯೂ ನನ್ನ ಜೋನಿಬೆಲ್ಲವೂ

ನಮ್ಮಣ್ಣ ಹುಟ್ಟಿದಾಗಿನಿಂದ ಒಬ್ಬ ಮನುಷ್ಯನಿಗೂ ‘ತಪ್ಪಾಯ್ತು’ ಅಂದವನಲ್ಲ. ಅಪ್ಪನಿಗೆ ಅಂದಿಲ್ಲ, ಮೇಷ್ಟರಿಗೆ ಅಂದಿಲ್ಲ, ಕಟ್ಟಿಕೊಂಡ ಹೆಂಡತಿಗಂತೂ ಕನಸಿನಲ್ಲೂ ಅಂದಿಲ್ಲ. ಆ ಮಾತನ್ನು ಅವನ ಬಾಯಿಂದ ಕೇಳುವ ಭಾಗ್ಯ ಇಡೀ ಮದ್ದೂರು ತಾಲ್ಲೂಕಿನಲ್ಲಿ ಒಬ್ಬಳಿಗೆ ಮಾತ್ರ ಸಿಕ್ಕಿದೆ. ಅವಳಿಗೆ ನಾಲ್ಕು ಚಕ್ರ, ಬೆನ್ನಿಗೆ ಒಂದು ಸ್ಟೆಪ್ನಿ.

ಈಗಿನವರು ಅದನ್ನು ಎಸ್‌ಯುವಿ ಅನ್ನುತ್ತಾರೆ. ನಮ್ಮ ಬೆಸಗರಹಳ್ಳಿಯಲ್ಲಿ ದೊಡ್ಡಗಾಡಿ ಅಂದರೆ ಸಾಕು. ಅಣ್ಣನ ಕೈಗೆ ಬರುವಾಗಲೇ ಅದು ಬೇರೆ ಕೈ ಕಂಡಿತ್ತು. ತಯಾರು ಮಾಡುವವರೇ ಅದನ್ನು ಮರೆತು ಎಷ್ಟೋ ಕಾಲವಾಯಿತು. ಬಣ್ಣ ಯಾವುದೆಂದು ಕೇಳಿದರೆ ಅಣ್ಣ ‘ಬೂದಿ’ ಅನ್ನುತ್ತಾನೆ, ಅತ್ತಿಗೆ ‘ಧೂಳು’ ಅನ್ನುತ್ತಾಳೆ. ಚಕ್ರ ಗುಂಡಿಗೆ ಇಳಿದರೆ ಅಣ್ಣ ಎಡಗೈಯಿಂದ ಡ್ಯಾಶ್‌ಬೋರ್ಡನ್ನು ಮೆಲ್ಲಗೆ ತಟ್ಟಿ, “ತಪ್ಪಾಯ್ತು ಕಣವ್ವ, ನೋಡ್ನಿಲ್ಲ” ಅನ್ನುತ್ತಾನೆ. ನಮ್ಮ ಕಡೆಯ ರಸ್ತೆಗಳು ನಿಮಗೆ ಗೊತ್ತಲ್ಲ? ಬೆಸಗರಹಳ್ಳಿಯಿಂದ ಮದ್ದೂರು ಸೇರುವಷ್ಟರಲ್ಲಿ ಕ್ಷಮೆ ಕೇಳಿ ಕೇಳಿ ಅವನ ಗಂಟಲು ಒಣಗಿರುತ್ತದೆ. ಹಿಂದಿನ ಸೀಟಿನಲ್ಲಿ ಚಾವಣಿಗೆ ತಲೆ ಬಡಿದು ಬುಗುಟು ಎದ್ದ ನಮ್ಮನ್ನು ಕೇಳುವವರಿಲ್ಲ.

ಅವಳನ್ನು ಹತ್ತುವುದಕ್ಕೂ ಮಡಿ ಉಂಟು. ಚಪ್ಪಲಿಯನ್ನು ಬಾಗಿಲಲ್ಲೇ ಕಳಚಿ ಕೈಯಲ್ಲಿ ಹಿಡಿಯಬೇಕು. ಒಳಗೆ ಕುಳಿತು ಬೇರೆಯವರ ಹೊಸ ಗಾಡಿಯನ್ನು ಹೊಗಳಬಾರದು, ಅವಳಿಗೆ ಕೇಳಿಸುತ್ತದಂತೆ. ತಿನ್ನುವುದಂತೂ ಮಹಾಪಾಪ. ಮದ್ದೂರಿನಲ್ಲಿ ವಡೆ ಕೊಂಡರೆ ಹೊರಗೆ ಬಿಸಿಲಿನಲ್ಲಿ ನಿಂತು ತಿಂದು, ಕೈ ತೊಳೆದು, ತೊಳೆದ ಕೈಯನ್ನು ಅವನಿಗೆ ತೋರಿಸಿ ಹತ್ತಬೇಕು. ಒಂದು ಸಲ ನಮ್ಮ ಯಜಮಾನರು ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಹತ್ತಿಬಿಟ್ಟರು. ಅಣ್ಣ ಅದನ್ನು ಕಂಡೂ ಏನೂ ಅನ್ನಲಿಲ್ಲ. ಮಳವಳ್ಳಿ ಮುಟ್ಟುವವರೆಗೆ ಅವರನ್ನು ಒಂದರ ಮೇಲೊಂದು ಪ್ರಶ್ನೆ ಕೇಳುತ್ತಾ ಬಂದ. ಬೆಳೆ ಹೆಂಗದೆ, ನಾಲೆಗೆ ನೀರು ಬಂತಾ, ನಿಮ್ಮಮ್ಮನ ಮಂಡಿನೋವು ಹೆಂಗದೆ? ಉತ್ತರ ಕೊಡಲು ಬಾಯಿ ತೆರೆಯುವ ಹಾಗಿಲ್ಲ, ಉಗಿಯುವ ಹಾಗಂತೂ ಇಲ್ಲವೇ ಇಲ್ಲ. ಪಾಪ, ನಮ್ಮ ಯಜಮಾನರು ಅವತ್ತು ಎಲ್ಲವನ್ನೂ ನುಂಗಿಕೊಂಡರು.

ಗಾಡಿ ಬಿಟ್ಟರೆ ಅಣ್ಣನಿಗೆ ಬೇಕಾದ ಇನ್ನೊಂದು ಜೀವ ಅಂದರೆ ಅವನ ಜೊತೆ ಶಾಲೆಯಲ್ಲಿ ಬೆಂಚಿನ ಮೇಲೆ ನಿಂತ ಗೆಳೆಯ. ಮದ್ದೂರಿನಲ್ಲಿ ಶಿವಪುರದ ಕಡೆ ಅಂಗಡಿ ಇಟ್ಟುಕೊಂಡು ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಾನೆ. ಎಲ್ಲರೂ ಕರೆಂಟಣ್ಣ ಅನ್ನುತ್ತಾರೆ. ಅವನಿಗೆ ಅಣ್ಣನ ಗಾಡಿಗಿಂತ ಹಳೆಯದೊಂದು ಸ್ಕೂಟರಿದೆ. ಅಣ್ಣ ದಿನಾ ಅವನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಬೇಕು, ಇಬ್ಬರೂ ಟೀ ಕುಡಿಯಬೇಕು, ಇಬ್ಬರೂ ಬೈದಾಡಬೇಕು.

“ಏನ್ಲಾ, ನಿನ್ ಮುದುಕಿ ಎಂಗವ್ಳೆ?” ಅಂತ ಕರೆಂಟಣ್ಣ ಶುರು ಮಾಡುತ್ತಾನೆ.

“ನಿನ್ ಸ್ಕೂಟ್ರಿಗಿಂತ ಚೆನ್ನಾಗವ್ಳೆ ಕಣ್ಲಾ.”

“ನನ್ ಸ್ಕೂಟ್ರು ಒದ್ರಾದ್ರೂ ಏಳ್ತದೆ. ನಿಂದು ಮಂಗಳಾರತಿ ಎತ್ತುದ್ರೂ ಏಳಕಿಲ್ಲ.”

ನಿನ್ನೆಯೂ ಇದೇ ಮಾತು, ನಾಳೆಯೂ ಇದೇ. ಆದರೂ ಇಬ್ಬರೂ ಹೊಸದಾಗಿ ಕೇಳಿದವರಂತೆ ನಗುತ್ತಾರೆ. ಜ್ವರ ಬಂದ ದಿನವೂ ಅಣ್ಣ ಕಂಬಳಿ ಹೊದ್ದುಕೊಂಡು ಹೋಗಿ ಬೈಸಿಕೊಂಡು ಬಂದನಂತೆ. ಆಮೇಲೇ ಮಾತ್ರೆ ಹಿಡಿಸಿದ್ದು ಅಂತ ಅತ್ತಿಗೆ ಹೇಳುತ್ತಾಳೆ.

ಇಷ್ಟು ಹೊತ್ತು ಅಣ್ಣನ ಮೇಲೆ ಹೇಳಿದೆ. ಇನ್ನು ನನ್ನದು ಹೇಳದೆ ವಿಧಿಯಿಲ್ಲ.

ನನ್ನನ್ನು ಕೊಟ್ಟಿರುವುದು ಮಳವಳ್ಳಿಗೆ. ಅಲ್ಲಿ ನಮ್ಮತ್ತೆಗೆ ನನ್ನ ತವರಿನ ಯಾವುದೂ ಹಿಡಿಸುವುದಿಲ್ಲ. “ನಮ್ಮೂರ ಆಲೆಮನೆ ಬೆಲ್ಲ, ನಮ್ಮೂರ ಆಲೆಮನೆ ಬೆಲ್ಲ ಅಂತ ಬಡ್ಕತೀಯಲ್ಲ, ಒಸಿ ತಗಬಾ ನೋಡಾನ” ಅಂದರು ಒಂದು ದಿನ. ತವರಿನ ಮಾನದ ಪ್ರಶ್ನೆ. ಮುಂದಿನ ಸಲ ಊರಿಗೆ ಹೋದಾಗ ಆಲೆಮನೆಯಿಂದ ಬಿಸಿಬಿಸಿ ಜೋನಿಬೆಲ್ಲವನ್ನು ಒಂದು ಡಬ್ಬಿ ತುಂಬ ಹಿಡಿಸಿಕೊಂಡೆ. ಅಚ್ಚಿಗೆ ಹೊಯ್ಯುವ ಮೊದಲು ಜೇನಿನ ಹಾಗೆ ಇಳಿಯುತ್ತದಲ್ಲ, ಆ ಬೆಲ್ಲ. ಬಸ್ಸಿನಲ್ಲಿ ಹೋಗುವೆನೆಂದರೆ ಅಣ್ಣ ಕೇಳಬೇಕಲ್ಲ? ತಂಗಿಯನ್ನು ತಾನೇ ಬಿಟ್ಟು ಬರಬೇಕು, ಅದು ಅವನ ಇನ್ನೊಂದು ಹಟ. ಅವನು ಚಕ್ರಕ್ಕೆ ಗಾಳಿ ನೋಡುತ್ತಿದ್ದಾಗ ಡಬ್ಬಿಯನ್ನು ಸೀರೆಯ ಸೆರಗಿನಲ್ಲಿ ಮುಚ್ಚಿ ತಂದು ಅಣ್ಣನ ಪಕ್ಕದ ಎಡಸೀಟಿನ ಕೆಳಗೆ ತುರುಕಿ, ಮುಂದೆ ಬಟ್ಟೆಯ ಬ್ಯಾಗು ಇಟ್ಟು, ಅದೇ ಸೀಟಿನಲ್ಲಿ ಕುಳಿತುಬಿಟ್ಟೆ.

ಮದ್ದೂರು ದಾಟಿದ ಮೇಲೆ ಒಂದು ಹಂಪು ಬಂತು. ಗಾಡಿ ಎಗರಿತು. ಅಣ್ಣ ತಟ್ಟಿ “ತಪ್ಪಾಯ್ತು ಕಣವ್ವ” ಅಂದ. ನನ್ನ ಸೀಟಿನ ಕೆಳಗೆ ಡಬ್ಬಿಯ ಮುಚ್ಚಳ ಹಾರಿದ್ದು ಆಗಲೇ ಇರಬೇಕು. ಮೇಲೆ ಅವನು ಕ್ಷಮೆ ಕೇಳುತ್ತಿದ್ದಾನೆ, ಕೆಳಗೆ ನನ್ನ ಬೆಲ್ಲ ಇಳಿಯುತ್ತಿದೆ. ಮಳವಳ್ಳಿಯಲ್ಲಿ ನೋಡಿದರೆ ಡಬ್ಬಿ ಅರ್ಧ ಖಾಲಿ. ಕಂಡಷ್ಟನ್ನು ಬಟ್ಟೆಯಲ್ಲಿ ಒರೆಸಿದೆ. ಕಾಣದ್ದು ಕಾರ್ಪೆಟ್ಟಿನ ಅಡಿಗೆ ಹೋಗಿತ್ತು; ಅದರ ಮೇಲೆ ಮ್ಯಾಟು ಎಳೆದೆ. ಅಣ್ಣ ಅತ್ತೆಯ ಕೈಯಿಂದ ಮಜ್ಜಿಗೆ ಇಸಿದುಕೊಂಡು ಕುಡಿಯುತ್ತಿದ್ದ. ಹೇಳಬಹುದಿತ್ತು. ಹೇಳಲಿಲ್ಲ. ನಾನು ಏಳನೇ ಕ್ಲಾಸಿಗೆ ಓದು ಬಿಟ್ಟವಳು ನಿಜ. ಆದರೆ ಸುಮ್ಮನಿರುವುದೂ ಒಂದು ಸುಳ್ಳು ಅಂತ ತಿಳಿಯುವುದಕ್ಕೆ ಎಂಟನೇ ಕ್ಲಾಸು ಬೇಕಾಗಿರಲಿಲ್ಲ.

ಅದಾದ ಸ್ವಲ್ಪ ಕಾಲಕ್ಕೆ ಗಾಡಿಗೆ ಚಿತ್ತಭ್ರಮೆ ಹಿಡಿಯಿತು. ಎಡಕ್ಕೆ ಕೈ ತೋರಿಸುವ ದೀಪ ಒತ್ತಿದರೆ ವೈಪರ್ ಆಡುತ್ತಿತ್ತು. ಕಿಟಕಿ ಇಳಿಸಿದರೆ ಒಳಗಿನ ದೀಪ ಹೊತ್ತುತ್ತಿತ್ತು. ಹಾರನ್ನು ಒತ್ತಿದಾಗ ಸುಮ್ಮನಿದ್ದು, ಮನಸ್ಸು ಬಂದಾಗ ಕೂಗುತ್ತಿತ್ತು. ಇನ್ನೊಬ್ಬನಾಗಿದ್ದರೆ ಮೆಕ್ಯಾನಿಕ್ಕಿನ ಹತ್ತಿರ ಓಡುತ್ತಿದ್ದ. ನಮ್ಮಣ್ಣ ಅವಳ ಹೊಸ ಭಾಷೆ ಕಲಿಯಲು ಕುಳಿತ! ಗುಂಡಿಗೆ ಬಿದ್ದು ‘ತಪ್ಪಾಯ್ತು ಕಣವ್ವ’ ಅಂತ ತಟ್ಟಿದ ಕೂಡಲೇ ವೈಪರ್ ಆ ಕಡೆಯಿಂದ ಈ ಕಡೆಗೆ ಒಂದು ಸಲ ಆಡುತ್ತಿತ್ತು.

“ನೋಡ್ದಾ?” ಅನ್ನುತ್ತಿದ್ದ ನನ್ನ ಕಡೆ ತಿರುಗಿ. “ಪರ್ವಾಗಿಲ್ಲ ಬುಡು ಅಂತಾವ್ಳೆ.”

ಒಮ್ಮೆ ಮಂಡ್ಯದ ಸರ್ಕಲ್ಲಿನಲ್ಲಿ ರಣಬಿಸಿಲು. ಅಣ್ಣ ಎಡಕ್ಕೆ ತಿರುಗಬೇಕು. ದೀಪ ಒತ್ತಿದ, ವೈಪರ್ ಪಟಪಟ ಅಂತ ಹೊಡೆದುಕೊಂಡಿತು. ಪೊಲೀಸಿನವರು ಬಂದು ಆಕಾಶ ನೋಡಿ, ಗಾಡಿ ನೋಡಿ, “ಎಲ್ರೀ ಮಳೆ?” ಅಂದರು.

“ಬತ್ತದೆ ಸಾರ್. ಅವಳಿಗೆ ಒಸಿ ಮುಂಚೆ ಗೊತ್ತಾಯ್ತದೆ.”

ದುರದೃಷ್ಟಕ್ಕೆ ಅವತ್ತು ಸಂಜೆ ಮಳೆ ಬಂತು. ದುರದೃಷ್ಟ ಯಾಕೆಂದರೆ, ಆಮೇಲೆ ಊರಿನ ಜನ ಗದ್ದೆಗೆ ಗೊಬ್ಬರ ಎರಚುವ ಮೊದಲು ಬಂದು “ಅಣ್ಣೋ, ಇವತ್ತು ಎಡುಕ್ಕೆ ತಿರುಗಿದ್ದಾ?” ಅಂತ ಕೇಳತೊಡಗಿದರು. ಅಣ್ಣನೂ ಹವಾಮಾನ ಇಲಾಖೆಯ ಗಾಂಭೀರ್ಯದಲ್ಲಿ ಉತ್ತರ ಕೊಡುತ್ತಿದ್ದ.

ಹನಕೆರೆಯ ಕಥೆ ಇದಕ್ಕಿಂತ ಮೇಲು. ನಮ್ಮ ಚಿಕ್ಕಪ್ಪನ ಮೊಮ್ಮಗನಿಗೆ ಹೆಣ್ಣು ನೋಡಲು ಅಲ್ಲಿಗೆ ಹೋಗಿದ್ದೆವು. ಗಾಡಿ ಅವರ ಅಂಗಳದಲ್ಲಿ ನಿಂತಿತ್ತು. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು, “ಹುಡ್ಗುಂಗೆ ಬೀಡಿ ಸಿಗರೇಟು ಯಾವ್ದೂ ಇಲ್ಲ” ಅಂದರು. ಅಂಗಳದಿಂದ ಪೋಂ ಅಂತ ಹಾರನ್ನು. “ಎಣ್ಣೆ ಅಂದ್ರೇನು ಅಂತ್ಲೇ ಗೊತ್ತಿಲ್ಲ” ಅಂದರು. ಪೋಂ, ಪೋಂ. ಹುಡುಗ ಬೆವರತೊಡಗಿದ. ಹೆಣ್ಣಿನ ಅಜ್ಜಿ ಎಲೆಗೆ ಸುಣ್ಣ ಸವರುತ್ತಾ, “ಮಾತುಕತೆ ಗಾಡಿ ತಾವ್ಲೇ ಆಗ್ಲಿ ಬುಡಿ, ಅದೊಂದೇ ನಿಜ ಹೇಳ್ತಾ ಇರಾದು” ಅಂದರು. ಹುಡುಗನಿಗೂ ನಗು ತಡೆಯಲಾಗದೆ ಎಲ್ಲ ಒಪ್ಪಿಕೊಂಡ. ಆ ಒಪ್ಪಿಗೆಯೇ ಅಜ್ಜಿಗೆ ಹಿಡಿಸಿ ಮದುವೆ ಗೊತ್ತಾಯಿತು.

ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಗಾಡಿ ಹತ್ತುವಾಗ ಎಡಬಾಗಿಲ ಅಂಚಿನಲ್ಲಿ ಇರುವೆಯ ಸಾಲು ಕಾಣುತ್ತಿತ್ತು. ಸಾಲಾಗಿ, ಶಿಸ್ತಾಗಿ, ಗೊತ್ತಿರುವ ಮನೆಗೆ ಹೋಗುವವರ ಹಾಗೆ ನನ್ನ ಸೀಟಿನ ಕೆಳಗೇ ಹೋಗುತ್ತಿದ್ದವು. ನಾನು ಅವುಗಳ ಮೇಲೆ ಕಾಲಿಟ್ಟು ಕುಳಿತುಕೊಳ್ಳುತ್ತಿದ್ದೆ.

ನಗು ನಿಂತದ್ದು ಒಂದು ದಿನ ಹೆದ್ದಾರಿಯಲ್ಲಿ ಮುಂದಿನ ದೀಪಗಳೇ ಆರಿಹೋದಾಗ. ಅತ್ತಿಗೆ ಜೊತೆಯಲ್ಲಿದ್ದಳು, ಹೆದರಿ ಅತ್ತುಬಿಟ್ಟಳಂತೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಅಣ್ಣನಿಗೆ ತಪ್ಪು ಹೊರಿಸಲು ಒಂದು ತಲೆ ಬೇಕಾಯಿತು. ಗಾಡಿಯದಂತೂ ಆಗುವಂತಿಲ್ಲ. ತನ್ನದು ಆಗುವುದು ಹೇಗೆ? ಈ ಚಿತ್ತಭ್ರಮೆ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಕರೆಂಟಣ್ಣ ಅವಳಿಗೆ ಹೊಸ ಸ್ಪೀಕರ್ ಕೂರಿಸಿಕೊಟ್ಟಿದ್ದ, ಪ್ರೀತಿಯಿಂದ, ಬೇಡ ಅಂದರೂ ಕೇಳದೆ. ಮಾರನೆಯ ದಿನ ಅಣ್ಣ ನೆಟ್ಟಗೆ ಅವನ ಅಂಗಡಿಗೆ ಹೋದ. ಅವತ್ತು ನಾನೂ ಗಾಡಿಯಲ್ಲಿದ್ದೆ, ಇರುವೆಗಳ ಮೇಲೆ.

“ನೀನು ಯಾವ್ ವಯರ್ನ ಎಲ್ಗೆ ಕೊಟ್ಟಿದ್ದೀಯ್ಲಾ?”

“ಸ್ಪೀಕ್ರು ವಯರು ಸ್ಪೀಕ್ರಿಗೆ ಕೊಟ್ಟಿವ್ನಿ. ಇನ್ನೆಲ್ಗೆ ಕೊಡ್ಲಿ, ನಿನ್ ಕಿವಿಗಾ?”

“ನಗ್ಬೇಡ. ನೀನು ಕೈಯಿಕ್ಕಿದ್ ಮ್ಯಾಲೇ ಅವ್ಳು ಹಿಂಗಾಗಿದ್ದು. ನನ್ ಹೆಂಡ್ತಿ ಸಾಯ್ತಿದ್ಲು.”

ಕರೆಂಟಣ್ಣನ ಮುಖದ ನಗು ಹೋಯಿತು. “ಅಷ್ಟ್ ಮಾತಾಡ್ತೀಯಾ? ಇಷ್ಟ್ ವರ್ಸ ನಿನ್ ಗಾಡಿ ಮುಟ್ಟಿದ್ ಕೈ ಇದು. ಹೋಗು, ಇನ್ ಮುಟ್ಟಕಿಲ್ಲ” ಅಂದ.

ಕೈಲಿದ್ದ ಟೀ ಲೋಟವನ್ನು ಕುಡಿಯದೆ ಸ್ಕೂಟರಿನ ಸೀಟಿನ ಮೇಲೆ ಇಟ್ಟು ಒಳಗೆ ಹೋದ. ನಾನು ಬಾಗಿಲ ಹಿಡಿಯ ಮೇಲೆ ಕೈಯಿಟ್ಟೆ. ಇಳಿದು ‘ಬೆಲ್ಲ ಚೆಲ್ಲಿದ್ದು ನಾನು’ ಅನ್ನಬೇಕು, ಅಷ್ಟೇ. ಗಾಡಿ ಹೊರಟುಬಿಟ್ಟಿತು, ನನ್ನ ಕೈ ಹಿಡಿಯ ಮೇಲೇ ಇತ್ತು.

ಆವತ್ತಿನಿಂದ ಅಣ್ಣ ಶಿವಪುರದ ದಾರಿ ಬಿಟ್ಟ. ಟೀಗೆ ಬೇರೆ ಕಡೆ ಹೋಗುತ್ತಿದ್ದ, ಎಲ್ಲಿ ಕುಡಿದರೂ ಸಕ್ಕರೆ ಸರಿಯಿಲ್ಲ ಅನ್ನುತ್ತಿದ್ದ. ಸಕ್ಕರೆಯ ಸೀಮೆಯಲ್ಲಿ ಸಕ್ಕರೆ ಸರಿಯಿಲ್ಲದ ಟೀ ಎಲ್ಲಿ ಸಿಗುತ್ತದೆ? ಬೈಯುವವರಿಲ್ಲದೆ ಸೊರಗಿದ ಅಂತ ಅತ್ತಿಗೆ ಅವನನ್ನು ತಾನೇ ಬೈದು ನೋಡಿದಳು. “ನಿಂಗೆ ಬರಾಕಿಲ್ಲ ಬುಡು” ಅಂದನಂತೆ. ಕರೆಂಟಣ್ಣ ಒಂದು ದಿನ ನನಗೆ ಫೋನು ಮಾಡಿ, “ಚೆನ್ನಾಗವ್ನೇನವ್ವ?” ಅಂತ ಮಾತ್ರ ಕೇಳಿದ. ಚೆನ್ನಾಗವ್ನೆ ಅಂದೆ. ಅಷ್ಟಕ್ಕೇ ಫೋನಿಟ್ಟ.

ಕೊನೆಗೆ ಎಲ್ಲ ಬಯಲಾಗಲು ಶುರುವಾದದ್ದು ನಮ್ಮ ಮಳವಳ್ಳಿ ಮನೆಯ ಮುಂದೆಯೇ. ಅಣ್ಣ ನನ್ನನ್ನು ನೋಡಲು ಬಂದು ಗಾಡಿ ನಿಲ್ಲಿಸಿದ್ದೇ ತಡ, ಬಾಗಿಲುಗಳ ಬೀಗ ಟಕ್ ಅಂತ ತಾವೇ ಬಿದ್ದುಕೊಂಡವು. ಒಳಗಿನ ಹಿಡಿ ಎಳೆದರೂ ಜಪ್ಪಯ್ಯ ಅನ್ನಲಿಲ್ಲ. ಕಿಟಕಿ ಒಂದಿಷ್ಟು ಇಳಿದು ನಿಂತಿತು. ಬೀದಿಯೆಲ್ಲ ನೆರೆಯಿತು. ಅಣ್ಣ ಒಳಗೆ ಮದುಮಗನ ಹಾಗೆ ಕುಳಿತಿದ್ದಾನೆ. ನಮ್ಮತ್ತೆಗೆ ಬೀಗರು ಹಸಿದಿರಬಾರದು ಅನ್ನುವುದೊಂದೇ ಚಿಂತೆ. ರಾಗಿರೊಟ್ಟಿಯನ್ನು ಸುರುಳಿ ಸುತ್ತಿ ಕಿಟಕಿಯ ಸಂದಿನಿಂದ ತೂರಿಸಿದರು. ಅಣ್ಣ ಅತ್ತ ಇತ್ತ ನೋಡಿದ, ಡ್ಯಾಶ್‌ಬೋರ್ಡಿನ ಮೇಲೆ ತನ್ನ ಟವೆಲು ಮುಚ್ಚಿದ, ಅವಳಿಗೆ ಕಾಣದ ಹಾಗೆ ತಿಂದ!

“ರೊಟ್ಟಿ ಒಳ್ಗೆ ಬೆಲ್ಲ ರುಚಿಯಾಗದೆ, ಎಲ್ಲಿಂದು?” ಅಂತ ಕೇಳಿದ.

“ನಿಮ್ ತಂಗಿನೇ ತಂದಿದ್ದು, ನಿಮ್ಮೂರ ಆಲೆಮನೆದು. ಇರ್ಲಿ, ಪರ್ವಾಗಿಲ್ಲ, ತಿನ್ಬೋದು” ಅಂದರು ಅತ್ತೆ. ಅವರ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

“ನೀ ಯಾವಾಗ ತಂದ್ಯವ್ವ?” ಅಣ್ಣ ಸಂದಿನಿಂದ ನನ್ನ ಕಡೆ ನೋಡಿದ.

“ಬಸ್ಸಲ್ಲಿ” ಅಂದೆ. ಅಲ್ಲಿಯವರೆಗೆ ಸುಮ್ಮನಿದ್ದವಳು ಅವತ್ತು ಬಾಯಿಬಿಟ್ಟು ಸುಳ್ಳಾಡಿದೆ. ಅಣ್ಣ ನಂಬಿದ. ಟವೆಲು ತೆಗೆದು, “ತಪ್ಪಾಯ್ತು ಕಣವ್ವ, ಒಳಗ್ ಕುಂತು ತಿಂದ್ಬುಟ್ಟೆ” ಅಂತ ಡ್ಯಾಶ್‌ಬೋರ್ಡು ತಟ್ಟಿದ. ತಟ್ಟಿದ ಏಟಿಗೆ ಬೀಗಗಳು ಟಕ್ ಅಂತ ತೆರೆದುಕೊಂಡವು. ಬೀದಿಯ ಜನ ಕೈಮುಗಿಯುವುದೊಂದು ಬಾಕಿ.

ಆ ದಿನವೇ ಮಂಡ್ಯದ ಒಂದು ಗ್ಯಾರೇಜಿಗೆ ಹೊರಟೆವು. ನಾನೇಕೆ ಅಂದರೆ, ಆಸ್ಪತ್ರೆಗೆ ಹೋಗುವಾಗ ಜೊತೆಯಲ್ಲಿ ಒಬ್ಬ ಹೆಂಗಸಿದ್ದರೆ ಅವಳಿಗೆ ಧೈರ್ಯ, ಅದಕ್ಕೆ.

ಗ್ಯಾರೇಜಿನವರು ಲಕ್ಷಣಗಳನ್ನೆಲ್ಲ ಕೇಳಿ ಮಾಡ್ಯೂಲ್ ಹೋಗಿದೆ ಅಂದರು. ದೀಪ, ಹಾರನ್ನು, ವೈಪರು, ಕಿಟಕಿ, ಬೀಗ ಎಲ್ಲಕ್ಕೂ ಅಪ್ಪಣೆ ಕೊಡುವ ಒಂದು ಡಬ್ಬಿಯಂತೆ ಅದು, ಈ ಗಾಡಿಯಲ್ಲಿ ಎಡಸೀಟಿನ ಕೆಳಗೆ ಇರುತ್ತದಂತೆ. ಎಡಸೀಟು ಅಂದ ಕೂಡಲೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಬ್ಯಾಟರಿಯ ವೈರು ಕಳಚಿದರು, ಸೀಟು ಎತ್ತಿದರು, ಕಾರ್ಪೆಟ್ಟು ಎಳೆದರು. ಬರಲಿಲ್ಲ. ಜೋರಾಗಿ ಎಳೆದರು, ಪರ್ ಅಂತ ಕಿತ್ತು ಬಂತು. ಡಬ್ಬಿ ಬಿಚ್ಚಿ ಬಿಸಿಲಿಗೆ ಹಿಡಿದರೆ ಒಳಗೆ ಕರ್ರಗೆ ಅಂಟು, ಅದರ ತುಂಬ ಸತ್ತ ಇರುವೆ, ಬದುಕಿದ ಇರುವೆ.

“ಯಾರ್ರೀ ಇದ್ರೊಳ್ಗೆ ಆಲೆಮನೆ ಇಟ್ಟಿದ್ದು?” ಅಂದರು ಗ್ಯಾರೇಜಿನವರು.

ಅಣ್ಣ ಡಬ್ಬಿಯನ್ನು ಇಸಿದುಕೊಂಡ. ಉಗುರಿನಲ್ಲಿ ಕೆರೆದು ನಾಲಿಗೆಗೆ ಹಚ್ಚಿದ. ಬೆಳಿಗ್ಗೆ ರೊಟ್ಟಿಯಲ್ಲಿ ತಿಂದ ರುಚಿ ಮರೆಯುವಷ್ಟು ಹೊತ್ತಾಗಿರಲಿಲ್ಲ. ನನ್ನ ಕಡೆ ತಿರುಗಿದ.

“ಬಸ್ಸಲ್ಲಿ ತರ್ಲಿಲ್ಲ ಕಣಣ್ಣ” ಅಂದೆ. “ಇದ್ರಲ್ಲೇ ತಂದೆ. ಚೆಲ್ಲೋಯ್ತು. ನೀನು ಕರೆಂಟಣ್ಣುನ್ನ ಬೈಯ್ವಾಗ್ಲೂ ನಂಗೊತ್ತಿತ್ತು.”

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವನು ಬೈಯಲಿಲ್ಲ. ಡಬ್ಬಿಯನ್ನು ಹಿಡಿದುಕೊಂಡು ಹೊರಗೆ ಕಲ್ಲಿನ ಮೇಲೆ ಕುಳಿತ, ಒಂದೊಂದೇ ಇರುವೆಯನ್ನು ಊದಿ ಊದಿ ಹೊರಗೆ ಬಿಟ್ಟ.

ಹೊಸ ಮಾಡ್ಯೂಲ್ ಎಲ್ಲೂ ಸಿಗುವುದಿಲ್ಲ ಅಂದರು. ಗುಜರಿಗೆ ಹೋದ ಅದೇ ಜಾತಿಯ ಗಾಡಿಯಿಂದ ತೆಗೆದಿಟ್ಟದ್ದೊಂದು ಅವರಲ್ಲೇ ಇತ್ತು. ಡಬ್ಬಿಯ ನಂಬರು ತಾಳೆಯಾಯಿತು. ಅಷ್ಟಕ್ಕೆ ಅಣ್ಣ ಒಪ್ಪುವನೇ? ನನ್ನ ಹತ್ತಿರ ಮಾತು ಬಿಟ್ಟಿದ್ದವನು ಅವರ ಹತ್ತಿರ ಶುರು ಮಾಡಿದ. ಯಾವೂರ ಗಾಡಿದು? ಓಡಿಸುತ್ತಿದ್ದವರು ಎಂಥ ಜನ? ಬಾಯಿಗೆ ಬಂದ ಹಾಗೆ ಬೈಯ್ತಿದ್ರಾ? ಹೆಣ್ಣು ತರುವಾಗಲೂ ನಮ್ಮ ಮನೆಯಲ್ಲಿ ಇಷ್ಟು ವಿಚಾರಿಸಿಲ್ಲ. ಗ್ಯಾರೇಜಿನವರು ತಾಳ್ಮೆಯ ಜನ. “ಮೇಷ್ಟ್ರ ಗಾಡಿ ಸಾರ್, ಒಳ್ಳೇ ಮನೆತನ” ಅಂದರು. ಕೂರಿಸಿದರು. ಲ್ಯಾಪ್‌ಟಾಪು ತಂದು ವೈರು ಚುಚ್ಚಿ, ಕೀಲಿಗೂ ಹೊಸ ಡಬ್ಬಿಗೂ ಪರಿಚಯ ಮಾಡಿಸಿದರು.

ಅಣ್ಣ ಹಾರನ್ನು ಒತ್ತಿದ. ಹಾರನ್ನು ಕೂಗಿತು. ಎಡದ ದೀಪ ಒತ್ತಿದ, ಎಡದ ದೀಪ ಹೊತ್ತಿತು. ಮುಂದಿನ ದೀಪ, ಕಿಟಕಿ, ಬೀಗ, ಎಲ್ಲ ಹೇಳಿದ ಮಾತು ಕೇಳಿದವು. ಕೊನೆಗೆ ಡ್ಯಾಶ್‌ಬೋರ್ಡನ್ನು ಮೆಲ್ಲಗೆ ತಟ್ಟಿದ. ವೈಪರ್ ಆಡಲಿಲ್ಲ. ಇನ್ನೊಮ್ಮೆ ತಟ್ಟಿ ಕಾದ.

“ಎಲ್ಲ ಸರಿಯಾಯ್ತು ಸಾರ್” ಅಂದರು ಗ್ಯಾರೇಜಿನವರು.

“ಸರಿಯಾಯ್ತು” ಅಂದ ಅಣ್ಣ. “ಮಾತು ಬುಟ್ಬುಟ್ಲು.”

ಮಂಡ್ಯದಿಂದ ಹನಕೆರೆ ದಾಟಿ ಮದ್ದೂರಿನವರೆಗೆ ಅವನೂ ಮಾತಾಡಲಿಲ್ಲ. ಗುಂಡಿಗಳು ಬಂದವು, ತಪ್ಪಾಯ್ತು ಅನ್ನಲಿಲ್ಲ. ಗಾಡಿ ಶಿವಪುರದ ಕಡೆಗೆ ತಿರುಗಿ ಕರೆಂಟಣ್ಣನ ಅಂಗಡಿಯ ಮುಂದೆ ನಿಂತಿತು. ಈ ಸಲ ನಾನು ಬಾಗಿಲ ಹಿಡಿ ಎಳೆದು ಮೊದಲು ಇಳಿದೆ. ಒಳಗೆ ಹೋಗಿ ಬೆಲ್ಲ, ಇರುವೆ, ಬಸ್ಸಿನ ಸುಳ್ಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕರೆಂಟಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟು ಕೇಳಿದ. “ಆಯ್ತು ಬುಡವ್ವ. ನೀನು ಹೇಳ್ದೆ. ಅವ್ನು?” ಅಂದ.

ಅಣ್ಣ ಅಷ್ಟರಲ್ಲಿ ಇಳಿದಿದ್ದ. ಅಂಗಡಿಯ ಮೆಟ್ಟಿಲವರೆಗೆ ಬಂದ. ಅಲ್ಲಿಂದ ಪಕ್ಕಕ್ಕೆ ಸರಿದು ಆ ಹಳೇ ಸ್ಕೂಟರಿನ ಹತ್ತಿರ ಹೋದ. ಹ್ಯಾಂಡಲ್ಲಿನ ಮೇಲೆ ಕೈಯಿಟ್ಟು ಮೆಲ್ಲಗೆ ತಟ್ಟಿದ.

“ತಪ್ಪಾಯ್ತು ಕಣಪ್ಪ” ಅಂದ. “ತಿಳೀದೆ ಮಾತಾಡ್ಬುಟ್ಟೆ.”

ಕರೆಂಟಣ್ಣ ಬಾಗಿಲಿಗೆ ಬಂದು ಸ್ಕೂಟರಿನ ಕಡೆ ಕಿವಿಯಿಟ್ಟ. “ಅದು ಏನೂ ಅಂದ್ಕಂಡಿಲ್ವಂತೆ. ಆದ್ರೆ ಟೀ ನೀನೇ ಕುಡ್ಸ್ಬೇಕಂತೆ” ಅಂದ.

ಇಬ್ಬರೂ ಟೀ ಕುಡಿದರು. ಸಕ್ಕರೆ ಸರಿಯಾಗಿತ್ತು ಅಂತ ಕಾಣುತ್ತದೆ, ಅಣ್ಣ ಎರಡನೆಯ ಲೋಟ ಕೇಳಿದ. ಆದರೆ ನನ್ನನ್ನು ಮಳವಳ್ಳಿಗೆ ಬಿಡುವವರೆಗೂ ನನ್ನ ತಪ್ಪಿನ ಬಗ್ಗೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಆಮೇಲೆ ಹಬ್ಬಕ್ಕೆ ತವರಿಗೆ ಹೋಗಿದ್ದೆ. ವಾಪಸು ಹೊರಡುವ ದಿನ ಚಪ್ಪಲಿ ಕೈಯಲ್ಲಿ ಹಿಡಿದು ಗಾಡಿ ಹತ್ತಿದರೆ, ನನ್ನ ಕಾಲ ಬುಡದಲ್ಲಿ ಒಂದು ಕಬ್ಬಿಣದ ಬಳೆ. ನೆಲಕ್ಕೆ ಗಟ್ಟಿಯಾಗಿ ಕೂರಿಸಿದ್ದರು, ಒಳಗೆ ಡಬ್ಬಿಗೆ ಗೀಚು ಬೀಳದಂತೆ ರಬ್ಬರು ಸುತ್ತಿದ್ದರು. ಆ ಸುತ್ತು ಯಾರ ಕೈಯದೆಂದು ಕರೆಂಟಣ್ಣ ಸುತ್ತಿದ್ದ ಸ್ಪೀಕರಿನ ವೈರು ನೋಡಿದ್ದ ನನಗೆ ಗೊತ್ತಾಯಿತು. ಬಳೆಯೊಳಗೆ ಜೋನಿಬೆಲ್ಲದ ಡಬ್ಬಿ ಕುಳಿತಿತ್ತು, ಮುಚ್ಚಳಕ್ಕೆ ಬಟ್ಟೆ ಕಟ್ಟಿ.

ಅಣ್ಣ ಕೀಲಿ ತಿರುಗಿಸಿಟ್ಟು, ಇಳಿದು, ತನ್ನ ಕಡೆಯ ಬಾಗಿಲ ಹೊರಗೆ ನಿಂತು ಅತ್ತಿಗೆಗೆ ಏನೋ ಹೇಳುತ್ತಿದ್ದ. ನಾನು ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟೆ. ಯಾರಿಗೂ ಕೇಳಿಸದ ಹಾಗೆ, “ತಪ್ಪಾಯ್ತು ಕಣವ್ವ” ಅಂದೆ.

ಹೊರಗೆ ಒಣಬಿಸಿಲು. ಗಾಜಿನ ಮೇಲೆ ವೈಪರ್ ಆ ಕಡೆಯಿಂದ ಈ ಕಡೆಗೆ ಒಂದು ಸಲ ಆಡಿತು.

ತಿರುಗಿ ನೋಡಿದೆ. ಅಣ್ಣನ ಮುಖ ಅತ್ತಿಗೆಯ ಕಡೆಗೇ ಇತ್ತು. ಕಿಟಕಿಯಿಂದ ಒಳಗೆ ಬಂದಿದ್ದ ಅವನ ಕೈ ಮಾತ್ರ ಸ್ಟೇರಿಂಗಿನ ಪಕ್ಕದಲ್ಲಿ, ವೈಪರ್ ಆಡಿಸುವ ಕಡ್ಡಿಯ ಮೇಲಿತ್ತು.